ಶಂಖದ ಕೊನೆಯ ಸುತ್ತು

ಏಪ್ರಿಲ್ 9

ಮಿನೋರಿ ಆಯ್ಕೆಯಾದಳು!

ಫೋನ್ ಬಂದಾಗ ನಾನು ಲಾಂಡ್ರಿಯ ಕೌಂಟರಿನಲ್ಲಿದ್ದೆ. ಯಾರದೋ ಚಳಿಗಾಲದ ಕೋಟು ಕೈಯಲ್ಲಿತ್ತು. ಅದನ್ನೇ ಎದೆಗವಚಿಕೊಂಡು ‘ಹೌದಾ, ಹೌದಾ’ ಎಂದು ಹತ್ತು ಸಲ ಅಂದೆನಂತೆ. ಒಡತಿ ಆಮೇಲೆ ಹೇಳಿ ನಕ್ಕರು. ಸಿನಿಮಾದ ಆಯ್ಕೆಗೆ ಎರಡು ಸಾವಿರ ಹುಡುಗಿಯರು ಬಂದಿದ್ದರು. ಅಷ್ಟು ಜನರಲ್ಲಿ ನೊಬೊರಿತೊದ ಬಸ್ ಚಾಲಕನ ಮಗಳು, ಒಂಬತ್ತು ವರ್ಷದ ಹತಾನೊ ಮಿನೋರಿ.

ಬರುವ ದಾರಿಯಲ್ಲಿ ಈ ಪುಸ್ತಕ ಕೊಂಡೆ. ಯಾರಿಗೂ ತೋರಿಸುವುದಕ್ಕಲ್ಲ, ಇಂಥ ವರ್ಷ ನನಗೆ ಮರೆತುಹೋಗದಿದ್ದರೆ ಸಾಕು.

‘ಶಂಖನೌಕೆ’ಯ ಹಳೆಯ ಚಿತ್ರವನ್ನು ನಾನು ನೋಡಿದ್ದು ಟೀವಿಯಲ್ಲಿ, ಬೇಸಿಗೆ ರಜೆಯಲ್ಲಿ, ಅಪ್ಪನ ಪಕ್ಕ ಚಾಪೆಯ ಮೇಲೆ ಕೂತು. ಅರೆಹುಚ್ಚ ತಾತ ಊರಿನ ಸಾರ್ವಜನಿಕ ಸ್ನಾನದ ಮನೆಯ ಹಳೆಯ ಬಾಯ್ಲರಿನಿಂದ ಶಂಖದ ಆಕಾರದ ನೌಕೆ ಕಟ್ಟಿ ಮೊಮ್ಮಗಳನ್ನು ಕೂರಿಸಿಕೊಂಡು ಸಮುದ್ರದ ತಳಕ್ಕೆ ಇಳಿಯುತ್ತಾನೆ. ತಳದಲ್ಲಿ ನೌಕೆ ಸಿಕ್ಕಿಬೀಳುತ್ತದೆ. ಬಿಡಿಸುವ ಚಕ್ರ ಇರುವುದು ಶಂಖದ ಕೊನೆಯ ಸುತ್ತಿನಲ್ಲಿ, ಅದರೊಳಗೆ ದೊಡ್ಡವರು ನುಸುಳಲಾರರು. ಮೊಮ್ಮಗಳು ನುಸುಳುತ್ತಾಳೆ. ಆ ದೃಶ್ಯ ಮುಗಿಯುವವರೆಗೆ ಅಪ್ಪ ಬೀಸಣಿಗೆ ಬೀಸುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಈಗ ಅದನ್ನು ಹೊಸದಾಗಿ ತೆಗೆಯುತ್ತಿದ್ದಾರೆ, ಮೊಮ್ಮಗಳು ನನ್ನ ಮಗಳು.

ಸಂಜೆ ಆಲೂ ಕೊರೊಕ್ಕೆ ಕರಿದೆ. ಮಿನೋರಿ ಆರು ತಿಂದಳು. ಅನ್ನ ಎರಡು ಬಟ್ಟಲು.

“ಅಷ್ಟು ತಿಂದ್ರೆ ನೌಕೆ ತಳದಲ್ಲೇ ಕೂತ್ಕೊಳುತ್ತೆ ಕಣೆ, ಮೇಲಕ್ಕೆ ಬರಲ್ಲ” ಎಂದ ನನ್ನ ಗಂಡ ಶೂಹೇ.

“ತಾತ ಇರ್ತಾರಲ್ಲ, ಹಿಂದಿನಿಂದ ತಳ್ತಾರೆ” ಎಂದು ಏಳನೆಯದಕ್ಕೆ ಕೈ ಹಾಕಿದಳು.

ಮೇ 5

ಮಕ್ಕಳ ದಿನ. ಪ್ರತಿ ವರ್ಷದಂತೆ ಶೂಹೇ ಅವಳನ್ನು ಅಡುಗೆಮನೆಯ ಕಂಬಕ್ಕೆ ಒತ್ತಿ ನಿಲ್ಲಿಸಿ ಪೆನ್ಸಿಲಿನಿಂದ ಗೀಟು ಹಾಕಿದ. ನೂರ ಇಪ್ಪತ್ತೆಂಟು ಸೆಂಟಿಮೀಟರ್. ತುದಿಗಾಲಲ್ಲಿ ನಿಂತಿದ್ದಳು ಕಳ್ಳಿ, ಎರಡನೆಯ ಸಲ ಅಳೆಯಬೇಕಾಯಿತು.

ಮೊನ್ನೆ ಸ್ಟುಡಿಯೋದಲ್ಲಿ ಉಡುಪಿನ ಅಳತೆ ಮುಗಿಯಿತು. ಮುಳುಗುಗಾರರ ಉಡುಪು, ಹಿತ್ತಾಳೆ ಬಣ್ಣದ್ದು, ಕತ್ತಿನವರೆಗೆ ಗಟ್ಟಿ ಕವಚ. ಹೊಲಿಯುವವರು ಒಕಿತ್ಸು-ಸಾನ್, ಅರವತ್ತು ದಾಟಿದ ಹೆಂಗಸು, ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಾರೆ. ಮಿನೋರಿಯ ಹೊಟ್ಟೆಗೆ ಬೆರಳಿಂದ ತಿವಿದು, “ಒಳಗೆ ಎರಡು ಬೆರಳು ಮಡಿಕೆ ಬಿಟ್ಟಿದೀನಿ. ಬೆಳೆಯೋ ಪೈರು ಇದು” ಎಂದರು. ಕವಚವನ್ನು ಮಾತ್ರ ಬಿಚ್ಚಿ ದೊಡ್ಡದು ಮಾಡಲಾಗದಂತೆ. ನೌಕೆಯ ಕೊನೆಯ ಸುತ್ತನ್ನೂ ಇವಳ ಅಳತೆಗೇ ಕಟ್ಟುತ್ತಿದ್ದಾರೆ.

ಜೂನ್ 14

ಹನ್ನೊಂದನೆಯ ದಿನದ ಚಿತ್ರೀಕರಣ. ನೀರಿನ ತೊಟ್ಟಿಯ ಪಕ್ಕ ಇಡೀ ದಿನ. ನಿರ್ದೇಶಕರು ನನ್ನ ಹತ್ತಿರವೇ ಬಂದು, “ನಿಮ್ಮ ಮಗಳಿಗೆ ಕ್ಯಾಮೆರಾ ಇರೋದೇ ಮರೆತುಹೋಗುತ್ತೆ” ಎಂದರು. ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ಕೈಯಲ್ಲಿ ಅರ್ಧ ತಿಂದ ಬನ್ನು ಹಾಗೇ ಇತ್ತು.

ಜೂನ್ 30

ತಾತನ ಪಾತ್ರದವರು ಮನೆಯ ಮೆಟ್ಟಿಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಚಿತ್ರೀಕರಣ ಅಕ್ಟೋಬರಿನವರೆಗೆ ನಿಂತಿತು.

ನಿರ್ಮಾಣ ವಿಭಾಗದ ಸೆಟೊ-ಸಾನ್ ಫೋನ್ ಮಾಡಿದ್ದರು. ಯಾವಾಗಲೂ ನಗುತ್ತಲೇ ಮಾತಾಡುವ ಹೆಣ್ಣುಮಗಳು.

“ಮಿನೋರಿ-ಚಾನ್ ಈಗ ಹೇಗಿದಾಳೋ ಹಾಗೇ ಇರ್ಲಿ ಅನ್ನೋದು ನಮ್ಮೆಲ್ಲರ ಆಸೆ, ಹತಾನೊ-ಸಾನ್.”

“ಹಾಗೇ ಅಂದ್ರೆ?”

“ಅಯ್ಯೋ, ಹಾಗೇ ಅಂದ್ರೆ ಹಾಗೇ. ಹೆತ್ತ ತಾಯಿಗೆ ನಾನೇನು ಹೇಳಿಕೊಡೋದು! ಅರ್ಧ ಚಿತ್ರ ಆಗಿದೆ ನೋಡಿ. ನೌಕೆ ಹತ್ತೋವಾಗ ಒಬ್ಬಳು ಹುಡುಗಿ, ಇಳಿಯೋವಾಗ ಇನ್ನೊಬ್ಬಳು ಆಗ್ಬಾರದು ಅಷ್ಟೆ.”

ನಾನೂ ನಕ್ಕೆ. ಫೋನಿಟ್ಟ ಮೇಲೆ ಕಂಬದ ಗೀಟುಗಳನ್ನು ನೋಡುತ್ತ ನಿಂತೆ. ಹೋದ ವರ್ಷ ಐದೂವರೆ ಸೆಂಟಿಮೀಟರ್ ಬೆಳೆದಿದ್ದಾಳೆ.

ಜುಲೈ 22

129. ಟೇಪು ಹಳೆಯದು, ಹಿಗ್ಗಿರಬಹುದು. ಹೊಸದು ತರಬೇಕು.

ಇಂದಿನಿಂದ ಹಾಲು ಬೇಡ. ಬೇಸಿಗೆಯಲ್ಲಿ ಹಾಲು ಹೊಟ್ಟೆಗೆ ಭಾರ ಎಂದೆ. ಬಾರ್ಲಿ ಚಹಾ ಕುಡಿದಳು, ತಕರಾರಿಲ್ಲದೆ.

ಆಗಸ್ಟ್ 14

ಹಿರಿಯರನ್ನು ನೆನೆಯುವ ಒಬೋನ್ ಹಬ್ಬಕ್ಕೆ ಯಾಮಾನಾಶಿಯಲ್ಲಿ ಅತ್ತೆಯ ಮನೆ. ಅತ್ತೆ ಬುಟ್ಟಿ ತುಂಬ ಪೀಚ್ ಹಣ್ಣು ಇಟ್ಟಿದ್ದರು, ಬೇಯಿಸಿದ ಜೋಳ ಇಟ್ಟಿದ್ದರು. ಮಿನೋರಿ ಪ್ರತಿ ಸಲ ಕೈ ಚಾಚುವ ಮೊದಲು ನನ್ನ ಮುಖ ನೋಡುತ್ತಿದ್ದಳು. ಎರಡು ತುಂಡಾದ ಮೇಲೆ ನಾನು ಬೇಡವೆಂದು ತಲೆಯಾಡಿಸಿದೆ.

“ಮಗು ತಿಂದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದರು ಅತ್ತೆ.

“ಅವಳ ಕೆಲಸ ಅಮ್ಮಾ ಅದು.”

“ಒಂಬತ್ತು ವರ್ಷದೋಳಿಗೆ ಎಂಥಾ ಕೆಲಸ?”

ಅವರಿಗೆ ತಿಳಿಯುವುದಿಲ್ಲ. ವಾಪಸ್ಸು ಬರುವಾಗ ಮಿನೋರಿ ಕಿಟಕಿಯಾಚೆ ನೋಡುತ್ತ ತೋಟಗಳನ್ನು ಎಣಿಸಿದಳು. ರಾತ್ರಿಯೂಟಕ್ಕೆ ತೋಫು.

ಸೆಪ್ಟೆಂಬರ್ 3

130.4. ಹೊಸ ಟೇಪಿನಲ್ಲೂ ಅಷ್ಟೇ.

ಯುರಾ ಎಂಬ ಏಳು ವರ್ಷದ ಹುಡುಗಿಯನ್ನು ಕ್ಯಾಮೆರಾ ಪರೀಕ್ಷೆಗೆ ಕರೆದಿದ್ದಾರೆ. ಸೆಟೊ-ಸಾನ್ ತಾವಾಗಿಯೇ ಹೇಳಿದರು. “ನಿಮ್ಮಿಂದ ಮುಚ್ಚಿಡೋದು ಸರಿಯಲ್ಲ ಅಂತ. ಬೆನ್ನ ಕಡೆಯಿಂದ ತೆಗೆಯೋ ದೃಶ್ಯಗಳಿಗೆ ಬೇಕಾಗ್ಬಹುದು. ಅಷ್ಟೇ, ಏನೂ ಇಲ್ಲ.” ಏನೂ ಇಲ್ಲವೆಂದ ಮೇಲೆ ಏನೋ ಇದೆ ಎಂದೇ ಅರ್ಥ. ಬೆನ್ನಿನಿಂದ ಶುರುವಾದದ್ದು ಮುಖಕ್ಕೆ ಬರಲು ಎಷ್ಟು ಹೊತ್ತು?

ಫೋನಿನಲ್ಲಿ ಆಡಿದ್ದು ಮಿನೋರಿಗೆ ಕೇಳಿಸಿರಬೇಕು. ಊಟಕ್ಕೆ ಕೂತಾಗ ಅರ್ಧ ಬಟ್ಟಲು ಅನ್ನವನ್ನು ತಾನೇ ದೂರ ಸರಿಸಿದಳು.

“ಸಾಕಮ್ಮಾ.”

“ಹಸಿವಿಲ್ವಾ?”

“ಇದೆ. ಆದ್ರೂ ಸಾಕು.”

ಎಷ್ಟು ತಿಳಿವಳಿಕೆ ಈ ಮಗುವಿಗೆ! ನಾನು ಆ ವಯಸ್ಸಿನಲ್ಲಿ ಸಕ್ಕರೆ ಡಬ್ಬಿಗೆ ಕೈಹಾಕಿ ಏಟು ತಿನ್ನುತ್ತಿದ್ದೆ.

ಸೆಪ್ಟೆಂಬರ್ 19

ಮೇಲಿನ ಹಲ್ಲು ಬಿದ್ದಿತು. ನಾಳೆಯೇ ದಂತವೈದ್ಯರ ಬಳಿ, ಹಾಕಿ ತೆಗೆಯುವಂಥ ಕೃತಕ ಹಲ್ಲು ಮಾಡಿಸಲು. ಬಿದ್ದ ಹಲ್ಲನ್ನು ಮಾಡಿನ ಮೇಲೆ ಎಸೆಯೋಣವೆಂದು ಶೂಹೇ ಕರೆದರೆ ಮಿನೋರಿ ಹೋಗಲಿಲ್ಲ. ಕೂತು ಅತ್ತಳು.

“ತಿರುಗಿ ಅಂಟಿಸೋಕಾಗಲ್ವಾ ಅಮ್ಮಾ?”

130.9

ಅಕ್ಟೋಬರ್ 7

ಚಿತ್ರೀಕರಣ ಮತ್ತೆ ಆರಂಭ. ತಾತನ ಪಾತ್ರದವರು ಕೋಲು ಹಿಡಿದು ಬಂದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಉಡುಪು ಹಾಕುವಾಗ ಒಕಿತ್ಸು-ಸಾನ್ ಉದ್ದ ಸಾಲದೆ ಮಡಿಕೆ ಬಿಚ್ಚಿದರು. ಸೊಂಟದ ಹತ್ತಿರ ಮಾತ್ರ ಬಟ್ಟೆ ಜೋಲುತ್ತಿತ್ತು, ಅಲ್ಲಿ ಪಿನ್ನು ಹಾಕಿದರು. ಮಿನೋರಿಯನ್ನು ಹೊರಗೆ ಕಳಿಸಿ ನನ್ನ ಕಡೆ ತಿರುಗಿದರು.

“ನಲವತ್ತು ವರ್ಷದಿಂದ ಹೊಲೀತಿದೀನಿ ಕಣಮ್ಮಾ. ಉದ್ದ ಬಿಚ್ಚಿ ಅಗಲ ಹಿಡಿದಿದ್ದು ಇದೇ ಮೊದಲು. ಏನು ಕೊಡ್ತಿದೀಯ ಊಟಕ್ಕೆ?”

“ಎಲ್ಲಾ ಕೊಡ್ತೀನಿ. ಅವಳೇ ತಿನ್ನಲ್ಲ.”

“ಅವಳೇ ತಿನ್ನಲ್ಲ” ಎಂದು ನನ್ನದೇ ದನಿಯಲ್ಲಿ ಆಡಿ ತೋರಿಸಿದರು. “ಯಾರಾದ್ರೂ ಕೇಳಿದ್ರೆ ಇದೇ ಹೇಳ್ತೀಯಾ?”

ಅಪಹಾಸ್ಯ ಮಾಡುವ ಹೆಂಗಸು. ಅವರಿಗೆ ಮಕ್ಕಳಿಲ್ಲವಂತೆ.

ಅಕ್ಟೋಬರ್ 21

ಶಾಲೆಯ ಆರೋಗ್ಯ ಶಿಕ್ಷಕಿ ಕರೆಸಿದ್ದರು. ಮಿನೋರಿ ಮಧ್ಯಾಹ್ನದ ಊಟವನ್ನು ಪಕ್ಕದವರ ತಟ್ಟೆಗೆ ದಾಟಿಸುತ್ತಾಳಂತೆ. ಕ್ರೀಡಾದಿನದ ಓಟದಲ್ಲಿ ನಡುವೆ ಕೂತುಬಿಟ್ಟಳಂತೆ. ಕರುಳು ಸೂಕ್ಷ್ಮ, ವೈದ್ಯರಿಗೆ ತೋರಿಸುತ್ತಿದ್ದೇವೆ ಎಂದೆ. ಯಾವ ವೈದ್ಯರು ಎಂದು ಕೇಳಿದರು. ಮರೆತಿದೆ, ಚೀಟಿ ಕಳಿಸುತ್ತೇನೆ ಎಂದು ಬಂದೆ.

ಪಾಠ ಮಾಡುವವರು ಪಾಠ ಮಾಡಿಕೊಂಡಿರಬೇಕು.

ಶೂಹೇಗೆ ಹೇಳಿಲ್ಲ. ಬೆಳಗಿನ ಪಾಳಿ, ದಣಿದು ಬರುತ್ತಾನೆ. ಯುರಾಳ ತಾಯಿ ಈಗ ದಿನಾ ಸ್ಟುಡಿಯೋಕ್ಕೆ ಬರುತ್ತಾಳೆ, ನನಗೆ ಬಗ್ಗಿ ಬಗ್ಗಿ ನಮಸ್ಕರಿಸುತ್ತಾಳೆ.

131.0. ನಿಂತಿದೆ. ಹದಿನೈದು ದಿನದಿಂದ ಕೂದಲೆಳೆಯಷ್ಟೂ ಏರಿಲ್ಲ!

ನವೆಂಬರ್ 5

ಇಂದು ಬೇಗ ಹೋದೆ. ಉಡುಪಿನ ಕೋಣೆಯ ಬಾಗಿಲು ಓರೆಯಾಗಿತ್ತು. ಒಕಿತ್ಸು-ಸಾನ್ ನೆಲದ ಮೇಲೆ ಕೂತಿದ್ದರು. ಎದುರಿಗೆ ಮಿನೋರಿ, ಕೈಯಲ್ಲಿ ಅನ್ನದ ಉಂಡೆ, ಒಳಗೆ ಉಪ್ಪು ಮೀನು ಇರಬೇಕು, ವಾಸನೆ ಬರುತ್ತಿತ್ತು. ತಿನ್ನುತ್ತಿದ್ದಳು. ಬಾಯಿ ತುಂಬ ತುಂಬಿಕೊಂಡು, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು.

“ನಿಧಾನ, ನಿಧಾನ. ಯಾರೂ ಕಿತ್ಕೊಳಲ್ಲ” ಎನ್ನುತ್ತಿದ್ದರು ಅವರು.

ಪಕ್ಕದಲ್ಲಿ ಇನ್ನೂ ಎರಡು ಉಂಡೆಯ ಖಾಲಿ ಹೊದಿಕೆ. ಇದು ಮೊದಲ ದಿನವಲ್ಲ.

ನಾಲ್ಕು ತಿಂಗಳು ನಾನು ತಕ್ಕಡಿ ಹಿಡಿದಂತೆ ಕಾಪಾಡಿಕೊಂಡು ಬಂದದ್ದನ್ನು ಹೊರಗಿನವಳೊಬ್ಬಳು ಹಿಂದಿನಿಂದ ಕೆಡಿಸುತ್ತಿದ್ದಾಳೆ. ಇನ್ನು ಎರಡೇ ವಾರ. ಕೊನೆಯ ಸುತ್ತಿನ ದೃಶ್ಯ ಒಂದು ಮುಗಿದರೆ ಆಯಿತು, ಆಮೇಲೆ ಎಷ್ಟು ಬೇಕಾದರೂ ತಿನ್ನಲಿ, ನಾನೇ ತಿನ್ನಿಸುತ್ತೇನೆ.

ಸೆಟೊ-ಸಾನ್‌ಗೆ ಹೇಳಿದೆ. ಉಡುಪಿನ ಕೋಣೆಯಲ್ಲಿ ನನಗೆ ತಿಳಿಯದ ಹಾಗೆ ಮಗುವಿಗೆ ಏನೇನೋ ತಿನ್ನಿಸುತ್ತಾರೆ, ಅವಳಿಗೆ ಒಗ್ಗದ್ದು ತಿಂದು ಏನಾದರೂ ಆದರೆ ಯಾರು ಹೊಣೆ ಎಂದೆ. ಅಷ್ಟೇ. ಇದ್ದದ್ದನ್ನೇ ಹೇಳಿದೆ.

ನವೆಂಬರ್ 8

ಒಕಿತ್ಸು-ಸಾನ್ ಬರುತ್ತಿಲ್ಲ. ಬೇರೆ ಚಿತ್ರಕ್ಕೆ ಹೋದರೆಂದು ಸೆಟೊ-ಸಾನ್ ಅಂದರು. ಬೇರೆ ಚಿತ್ರವಿಲ್ಲವೆಂದೂ, ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋದರೆಂದೂ ಕೇಶಾಲಂಕಾರದ ಹುಡುಗಿಯರು ಪಿಸುಗುಟ್ಟುತ್ತಿದ್ದರು. ನಾನು ಬರುತ್ತಲೇ ಸುಮ್ಮನಾದರು.

“ಯಾರು ಹೇಳಿದ್ರಮ್ಮಾ?” ಎಂದು ಮಿನೋರಿ ಕೇಳಿದಳು.

“ಏನನ್ನ?”

“ಉಂಡೆ ವಿಷಯ.”

“ನನಗೇನು ಗೊತ್ತು?”

ಹೊಸ ಹುಡುಗಿ ಉಡುಪಿನ ಕೊಕ್ಕೆ ಹಾಕಿದಳು. ಕವಚ ಸರಿಯಾಗಿ ಕೂತಿತು.

ನವೆಂಬರ್ 20

ಮುಗಿಯಿತು. ಕೊನೆಯ ಸುತ್ತು.

ತಾಮ್ರದ ಬಣ್ಣ ಬಳಿದ ಸುರುಳಿ ಕೊಳವೆ. ಬಾಯಲ್ಲಿ ಅಗಲ, ಹೋಗುತ್ತ ಹೋಗುತ್ತ ಇಕ್ಕಟ್ಟು. ತುದಿಯಲ್ಲಿ ಚಕ್ರ, ಅದರ ಹಿಂದೆ ಕ್ಯಾಮೆರಾ. ಮಿನೋರಿ ತೆವಳಿಕೊಂಡು ಹೋಗಿ ಚಕ್ರ ತಿರುಗಿಸಿ “ತಾತಾ, ತಿರುಗ್ತು!” ಎನ್ನಬೇಕು. ಬೆಳಗ್ಗೆಯಿಂದ ಎರಡು ಸಲ ಆಗಿತ್ತು. ಒಳಗೆ ದೀಪಗಳ ಕಾವು. ಮೂರನೆಯ ಸಲ ಚಕ್ರ ತಿರುಗಿಸಿದಳು. ಮಾತು ಬರಲಿಲ್ಲ. ನಕ್ಕಳೇನೋ ಅನ್ನಿಸಿತು. ಹಣೆಯನ್ನು ಮೆಲ್ಲಗೆ ಚಕ್ರದ ಮೇಲಿಟ್ಟಳು. ಕೈ ಜಾರಿ ಬಿಚ್ಚಿಕೊಂಡಿತು.

ನಾನು ಹೊರಗೆ, ಕ್ಯಾಮೆರಾದ ಚಿತ್ರ ಕಾಣುವ ಪರದೆಯ ಮುಂದೆ ನಿಂತಿದ್ದೆ. ಮಿನೋರಿ ನಿದ್ದೆಯಲ್ಲೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಳ್ಳುವವಳು. ಆ ಕೈ ಬಿಚ್ಚಿತ್ತು. ನನಗೆ ಗೊತ್ತಾಯಿತು. ಇಲ್ಲ, ಗೊತ್ತಾಗಲಿಲ್ಲ. ನಿರ್ದೇಶಕರು ಇನ್ನೂ ಕಟ್ ಎಂದಿರಲಿಲ್ಲ. ನಾನು ಕೂಗಿ ದೃಶ್ಯ ಕೆಟ್ಟರೆ ಅವಳು ನಾಲ್ಕನೆಯ ಸಲ ಒಳಗೆ ಹೋಗಬೇಕಾಗುತ್ತಿತ್ತು. ಅದಕ್ಕೇ ಸುಮ್ಮನಿದ್ದೆ. ಇಪ್ಪತ್ತು ಸೆಕೆಂಡು ಇರಬಹುದು. ನಲವತ್ತೂ ಇರಬಹುದು.

ಆಮೇಲೆ ಕಾಲು ಹಿಡಿದು ಹೊರಗೆಳೆದರು. ಕವಚ ಬಿಚ್ಚಿದರು. ಮುಖ ಬೆಂದ ಮೂಲಂಗಿಯ ಬಣ್ಣ. ಐದು ನಿಮಿಷಕ್ಕೆ ಕಣ್ಣು ಬಿಟ್ಟಳು.

“ಟೇಕ್ ಸಿಕ್ತಾ?” ಎಂದಳು ಮೊದಲು.

ನಿರ್ದೇಶಕರ ಕಣ್ಣು ಒದ್ದೆಯಾಗಿತ್ತು. “ಆ ಮೌನ! ನಾನು ಬರೆದಿದ್ದ ಮಾತಿಗಿಂತ ಸಾವಿರ ಪಾಲು ಮೇಲು” ಎಂದರು. ಅದನ್ನೇ ಇಟ್ಟುಕೊಳ್ಳುತ್ತಾರಂತೆ. ಸೆಟೊ-ಸಾನ್ ನನಗೆ ಬಿಸಿ ಚಹಾ ಕೊಟ್ಟು, “ಆಯಾಸ ಪಾಪ. ಇದು ನಮ್ಮನಮ್ಮಲ್ಲೇ ಇರ್ಲಿ ಅಲ್ವಾ?” ಎಂದರು. ಹೂಂ ಎಂದೆ.

ಅಪ್ಪ ಇದ್ದಿದ್ದರೆ ಈ ದೃಶ್ಯ ನೋಡಿ ಏನನ್ನುತ್ತಿದ್ದರೋ.

ಡಿಸೆಂಬರ್ 2

ಕೊನೆಯ ದಿನ. ಅವಳಿಗಿಂತ ದೊಡ್ಡ ಹೂಗುಚ್ಛ ಕೊಟ್ಟರು.

ಸಂಜೆ ಕೊರೊಕ್ಕೆ ಕರಿದೆ. ಹಂದಿಮಾಂಸದ ಸಾರು, ಸ್ಟ್ರಾಬೆರಿ ಕೇಕು. “ಈಗ ತಿನ್ನು, ಎಷ್ಟು ಬೇಕಾದ್ರೂ ತಿನ್ನು” ಎಂದೆ. ಮಿನೋರಿ ಒಂದು ಕೊರೊಕ್ಕೆಯನ್ನು ಹದಿನಾರು ತುಂಡು ಮಾಡಿದಳು, ಎರಡು ತಿಂದಳು.

“ಎರಡನೇ ಭಾಗ ಮಾಡಿದ್ರೆ?” ಎಂದಳು.

“ಯಾರು ಹೇಳಿದ್ರು ಮಾಡ್ತಾರೆ ಅಂತ?”

“ಯಾರೂ ಹೇಳಿಲ್ಲ. ಮಾಡಿದ್ರೆ?”

ಶೂಹೇ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ.

ಜನವರಿ 3

ಹೊಸ ವರ್ಷದ ಅಕ್ಕಿ ಕಡುಬನ್ನು ಮುಟ್ಟಲಿಲ್ಲ. ಬೈದೆ. ಬೇಡಿಕೊಂಡೆ. ಬಾಯಿ ತೆರೆಸಲು ನೋಡಿದೆ. ನನ್ನ ಬೆರಳು ಕಚ್ಚಿದಳು. ಕಚ್ಚಿದ್ದೂ ಗಟ್ಟಿಯಾಗಿರಲಿಲ್ಲ.

ಜನವರಿ 17

ಆಸ್ಪತ್ರೆಗೆ ಸೇರಿಸಿದ್ದೇವೆ. ಶೂಹೇ ಬಸ್ಸಿನ ಕೆಲಸ ಅರ್ಧಕ್ಕೆ ಬಿಟ್ಟು ಬಂದು ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋದ. ಬೆನ್ನ ಮೇಲೆ ಏನೂ ಇಲ್ಲದಂತೆ ಇತ್ತಂತೆ.

ವೈದ್ಯೆ ಚಿಕ್ಕ ವಯಸ್ಸಿನವಳು. ಹೃದಯದ ಬಡಿತ ಬಹಳ ನಿಧಾನ, ಮೂಳೆಗಳು ಬೆಳೆಯುವುದನ್ನು ನಿಲ್ಲಿಸಿವೆ, ಹಿಂತಿರುಗಿ ಬರುತ್ತದೆಯೋ ಇಲ್ಲವೋ ಈಗಲೇ ಹೇಳಲಾರೆ ಎಂದಳು. ಯಾವಾಗಿನಿಂದ ಹೀಗೆ ಎಂದು ಕೇಳಿದಳು. ಹೊಸ ವರ್ಷದಿಂದ ಎಂದೆ.

ಶೂಹೇ ನನ್ನ ಕಡೆ ನೋಡಿದ. “ಜುಲೈಯಿಂದ” ಎಂದ. “ನಾನೂ ನೋಡ್ತಾನೇ ಇದ್ದೆ.”

ಫೆಬ್ರವರಿ 12

ವಾರಕ್ಕೊಮ್ಮೆ, ಬುಧವಾರ ಮಾತ್ರ ನಾನು ಹೋಗಬಹುದು. ವೈದ್ಯೆಯ ಆದೇಶ. ಶೂಹೇ ದಿನಾ ಹೋಗುತ್ತಾನೆ.

ನಿಲ್ದಾಣದಲ್ಲಿ ಚಿತ್ರದ ದೊಡ್ಡ ಭಿತ್ತಿಚಿತ್ರ ಹಾಕಿದ್ದಾರೆ. ಹಿತ್ತಾಳೆ ಕವಚದೊಳಗೆ ಮಿನೋರಿಯ ಮುಖ, ಕಣ್ಣುಗಳೇ ದೊಡ್ಡವು. ಶಾಲಾ ಹುಡುಗಿಯರಿಬ್ಬರು ಅದರ ಮುಂದೆ ನಿಂತು ಫೋಟೊ ತೆಗೆದುಕೊಂಡರು. “ಎಷ್ಟು ಪುಟ್ಟದಾಗಿದಾಳೆ, ಮುದ್ದು!” ಎಂದಳು ಒಬ್ಬಳು. ನಾನು ಅವಳ ತಾಯಿ ಎಂದು ಹೇಳಬೇಕೆಂದು ಬಾಯವರೆಗೆ ಬಂದಿತ್ತು. ರೈಲು ಬಂತು.

ಮಾರ್ಚ್ 5

ಬುಧವಾರ. ಮೊನ್ನೆ ಹೆಣ್ಣುಮಕ್ಕಳ ಬೊಂಬೆ ಹಬ್ಬವಾದ್ದರಿಂದ ವಾರ್ಡಿನ ಕಿಟಕಿಯಲ್ಲಿ ಕಾಗದದ ರಾಜ ರಾಣಿ ಇನ್ನೂ ಇದ್ದರು. ಊಟದ ತಟ್ಟೆ ಬಂದಾಗ ನರ್ಸ್ ಫೋನ್ ಬಂದು ಆಚೆ ಹೋದಳು. ನಾವಿಬ್ಬರೇ ಉಳಿದೆವು.

ಮಿನೋರಿ ಸಲೀಸಾಗಿ ತುತ್ತು ಬಾಯಿಗಿಡುತ್ತಿದ್ದಳು. ನನಗೆ ಸಂತೋಷವಾಯಿತು. ಆಮೇಲೆ ನೋಡಿದೆ. ಬಾಯಿ ಒರೆಸಿದಂತೆ ಮಾಡಿ ಎಲ್ಲವನ್ನೂ ಕರವಸ್ತ್ರಕ್ಕೆ ಉಗಿದು ದಿಂಬಿನ ಕೆಳಗೆ ತಳ್ಳುತ್ತಿದ್ದಳು. ಮೀನು, ಅನ್ನ, ಮೊಟ್ಟೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಬೆದರಲಿಲ್ಲ. ಸಣ್ಣಗೆ ನಕ್ಕಳು, ನಾವಿಬ್ಬರೂ ಒಂದೇ ಕಡೆಯವರು ಎಂಬಂತೆ. ತಿಂಗಳುಗಳ ಮೇಲೆ ಅವಳು ನನ್ನನ್ನು ನೋಡಿ ನಕ್ಕದ್ದು.

ನರ್ಸ್ ತಿರುಗಿ ಬಂದು ಖಾಲಿ ತಟ್ಟೆ ನೋಡಿ, “ಅರೆ, ಅಮ್ಮ ಬಂದ್ರೆ ಎಷ್ಟು ಚೆನ್ನಾಗಿ ತಿಂತಾಳೆ!” ಎಂದಳು.

ತಟ್ಟೆ ಎತ್ತಿಕೊಂಡು ಬಾಗಿಲ ತನಕ ಹೋದಳು.

“ದಿಂಬಿನ ಕೆಳಗೆ ನೋಡಿ” ಎಂದೆ.

ಮಿನೋರಿಯ ನಗು ಹೋಯಿತು. ನರ್ಸ್ ದಿಂಬೆತ್ತಿದಳು, ಬೈಯಲಿಲ್ಲ, ಬೇರೆ ತಟ್ಟೆ ತರುತ್ತೇನೆ ಎಂದಳು.

“ಅಮ್ಮಂಗೆ ಚಾಡಿ ಹೇಳೋದು ಅಭ್ಯಾಸ” ಎಂದಳು ಮಿನೋರಿ, ನನಗಲ್ಲ, ನರ್ಸಿಗೆ. “ಒಕಿತ್ಸು-ಸಾನ್ ವಿಷಯಾನೂ ಹೇಳಿಬಿಟ್ಲು. ಆಮೇಲೆ ಗೊತ್ತಿಲ್ಲ ಅಂದ್ಲು.”

“ಹೌದು. ನಾನೇ ಹೇಳಿದ್ದು” ಎಂದೆ.

ಗೋಡೆಯ ಕಡೆ ತಿರುಗಿಕೊಂಡಳು. ನರ್ಸ್ ನನ್ನನ್ನು ಹೊರಗಿರಲು ಹೇಳಿದಳು. ಬಾಗಿಲಿಗೆ ಗಾಜಿನ ಕಿಂಡಿ ಇದೆ. ಅಲ್ಲಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಅಂಗಿಯ ಮೇಲಿಂದಲೇ ಎಲುಬುಗಳು. ಚಮಚ ಏಳುತ್ತಿತ್ತು, ಬಹಳ ಹೊತ್ತು ನಿಲ್ಲುತ್ತಿತ್ತು, ಇಳಿಯುತ್ತಿತ್ತು. ನರ್ಸ್ ಪಕ್ಕದಲ್ಲಿ ಕೂತು ಏನನ್ನೋ ಹೇಳುತ್ತಿದ್ದಳು. ಒಂದು ಗಂಟೆ ಹತ್ತು ನಿಮಿಷ ನಿಂತೆ. ಮಿನೋರಿ ಒಂದು ಸಲವೂ ತಿರುಗಲಿಲ್ಲ.

ಕೊನೆಗೆ ನರ್ಸ್ ತಟ್ಟೆ ಹಿಡಿದು ಹೊರಗೆ ಬಂದಳು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೋಗಿತ್ತು.

“ಒಳಗೆ ಹೋಗಿ ಒಂದು ಮಾತಾಡಿ ಬರ್ಲಾ?” ಎಂದೆ.

“ಕೇಳಿ ಬರ್ತೀನಿ” ಎಂದು ಹೋದಳು. ಬಾಗಿಲು ಅರೆ ತೆರೆದಿತ್ತು, ಒಳಗಿನ ಮಾತು ಕೇಳಿಸಲಿಲ್ಲ. ತಿರುಗಿ ಬಂದು ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು.

“ಇವತ್ತು ಬೇಡವಂತೆ.”